ವಾರದ ಸಭೆಗೆ ಅತಿಥಿ ಭಾಷಣಕಾರರಾಗಿ ಯಾರನ್ನು ಕರೆಯುತ್ತೀರಿ? ಹೇಗೆ ಕೇಳುತ್ತೀರಿ?

ಕಾರ್ಯಕ್ರಮ ನಿರ್ದೇಶಕ, ಸಾಗರ ಸೀಮೆ

ಎಲ್ಲರಿಗೂ ನಮಸ್ಕಾರ. ಜುಲೈ 1ರಿಂದ ನಮ್ಮ ರೋಟರಿ ಕ್ಲಬ್ಬಿನ ಹೊಸ ವರ್ಷ ಶುರುವಾಗುತ್ತದೆ. ಈ ಸಲ ಕಾರ್ಯಕ್ರಮದ ಹೊಣೆ ನನ್ನ ಹೆಗಲಿಗೆ ಬಂದಿದೆ. ಊರಿನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಭಾಷಣ, ಸಭೆ ಎಂದರೆ ನನಗೆ ಅಷ್ಟೇನೂ ಅಭ್ಯಾಸವಿಲ್ಲ. ಪ್ರತಿ ಗುರುವಾರ ಸಂಜೆ ಏಳಕ್ಕೆ ಸಭೆ. ಪ್ರತಿ ವಾರವೂ ಒಬ್ಬ ಅತಿಥಿಯನ್ನು ಕರೆತರಬೇಕು.

ಹಿಂದಿನ ಮೂರು ವರ್ಷಗಳ ಪಟ್ಟಿ ತೆಗೆದು ನೋಡಿದೆ. ಹೃದಯ ತಜ್ಞರು, ಸಕ್ಕರೆ ಕಾಯಿಲೆಯ ವೈದ್ಯರು, ತೆರಿಗೆ ಸಲಹೆಗಾರರು, ವ್ಯಕ್ತಿತ್ವ ವಿಕಸನದವರು, ಮತ್ತೆ ಹೃದಯ ತಜ್ಞರು. ಯಾರ ಮಾತಿನಲ್ಲೂ ದೋಷವಿರಲಿಲ್ಲ. ಆದರೆ ಜನ ಎಂಟೂಕಾಲಿಗೆ, ಊಟದ ಹೊತ್ತಿಗೆ ಸರಿಯಾಗಿ ಬರುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಕಳೆದ ಮಾರ್ಚಿನಲ್ಲಿ ದೂರದ ಊರಿನಿಂದ ಬಸ್ಸಿನಲ್ಲಿ ಬಂದ ಹಿರಿಯರೊಬ್ಬರು ಹನ್ನೊಂದು ಜನರೆದುರು ಮಾತನಾಡಿದರು. ನೀಲಿ ಶಾಯಿಯಲ್ಲಿ ಬರೆದುಕೊಂಡು ತಂದಿದ್ದ ಆರು ಹಾಳೆಗಳಲ್ಲಿ ಎರಡನ್ನು ಓದಿ, ಉಳಿದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅವರನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದವನು ನಾನೇ. ದಾರಿಯುದ್ದಕ್ಕೂ ಏನೊಂದೂ ಆಡಲಿಲ್ಲ ಅವರು. ಅದು ಈಗಲೂ ನನ್ನನ್ನು ಕಾಡುತ್ತಿದೆ.

ನಿಮ್ಮ ಕ್ಲಬ್ಬುಗಳಲ್ಲಿ ಹೇಗೆ ನಡೆಸುತ್ತೀರಿ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಹಿರಿಯ ಸದಸ್ಯ, ಉಡುಪಿ ಜಿಲ್ಲೆ

ನಿಮ್ಮ ಸಂಕಟ ಅರ್ಥವಾಯಿತು. ಕಾರ್ಯದರ್ಶಿ, ಸಭೆಯ ಶಿಸ್ತು ನೋಡಿಕೊಳ್ಳುವ ದಂಡಪಾಣಿ, ಅಧ್ಯಕ್ಷ ಎಲ್ಲ ಆಗಿ ಮೂವತ್ತು ವರ್ಷ ಕಳೆದವನು ನಾನು. ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಅವರ ಮೂವರು ಗೆಳೆಯರು ಮೊದಲ ಸಲ ಸೇರಿದಾಗ ಹೊರಗಿನ ಅತಿಥಿ ಯಾರೂ ಇರಲಿಲ್ಲ. ಒಬ್ಬೊಬ್ಬರದು ಒಂದೊಂದು ಕಸುಬು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಕೂಡುತ್ತಿದ್ದರು. ರೋಟರಿ ಎಂಬ ಹೆಸರು ಬಂದದ್ದೇ ಆ ಸರದಿಯಿಂದ. ತಮ್ಮ ತಮ್ಮ ಕಸುಬಿನ ವಿಚಾರವನ್ನೇ ಮಾತನಾಡಿಕೊಳ್ಳುತ್ತಿದ್ದರು. ಆದ್ದರಿಂದ ಮೊದಲು ನಿಮ್ಮ ಸದಸ್ಯರನ್ನೇ ನಿಲ್ಲಿಸಿ. ನಕಲಿ ಔಷಧಿಯನ್ನು ಹೇಗೆ ಗುರುತಿಸುತ್ತೀರಿ, ಔಷಧಿ ಚೀಟಿಯ ಅಕ್ಷರ ಓದಲಾಗದಿದ್ದರೆ ಏನು ಮಾಡುತ್ತೀರಿ ಎಂದು ನೀವೇ ಇಪ್ಪತ್ತು ನಿಮಿಷ ಮಾತನಾಡಿ. ನಾನಂತೂ ಕೇಳುತ್ತೇನೆ.

ಇನ್ನೊಂದು ಮಾತು. ಪಲ್ಸ್ ಪೋಲಿಯೋ ಶುರುವಾದ ಕಾಲದಲ್ಲಿ ನಮ್ಮ ಸಭೆಗೆ ಅತಿಥಿಯಾಗಿ ಬಂದವರೆಲ್ಲ ರೋಗದ ಇತಿಹಾಸ ಹೇಳಿ ಹೋಗುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ಆರೋಗ್ಯ ಇಲಾಖೆಯ ಸಹಾಯಕಿಯೊಬ್ಬರು ಬಂದರು. ತಣ್ಣನೆಯ ಪೆಟ್ಟಿಗೆಯಿಂದ ಲಸಿಕೆಯ ಒಂದು ಪುಟ್ಟ ಸೀಸೆ ತೆಗೆದು ಎಲ್ಲರ ಕೈಗೂ ಕೊಟ್ಟರು. ಅದರ ಮೇಲೆ ಒಂದು ವೃತ್ತ, ವೃತ್ತದೊಳಗೆ ಒಂದು ಚೌಕ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿಯಿದೆ. ಬಿಸಿ ತಾಗಿ ತಾಗಿ ಚೌಕದ ಬಣ್ಣ ವೃತ್ತದಷ್ಟೇ ಗಾಢವಾದರೆ ಆ ಸೀಸೆಯನ್ನು ಎಸೆಯಬೇಕು. ಇಷ್ಟನ್ನೇ ಹೇಳಿದರು. ಮುಂದಿನ ಭಾನುವಾರ ನಮ್ಮ ಸದಸ್ಯರು ಬೂತುಗಳಲ್ಲಿ ಕುಳಿತಾಗ ಪ್ರತಿಯೊಬ್ಬರೂ ಸೀಸೆ ತಿರುಗಿಸಿ ನೋಡಿಯೇ ಹನಿ ಹಾಕಿಸುತ್ತಿದ್ದರು. 2011ರ ಜನವರಿ 13ರಂದು ಹೌರಾದಲ್ಲಿ ಕಂಡ ಪ್ರಕರಣವೇ ದೇಶದಲ್ಲಿ ಸಹಜ (ವೈಲ್ಡ್) ಪೋಲಿಯೋ ವೈರಸ್ಸಿನ ಕೊನೆಯದು. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ ದಿನ ನನಗೆ ಮೊದಲು ನೆನಪಾದದ್ದು ಆ ತಾಯಿಯ ಕೈಯಲ್ಲಿದ್ದ ಸೀಸೆ.

ಹೋಟೆಲ್ ಉದ್ಯಮಿ, ದಾವಣಗೆರೆ

ನನ್ನ ಅಭಿಪ್ರಾಯ ಬೇರೆ ಇದೆ. ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಂದವರಿಗೆ ಸಂಜೆ ನಾಲ್ಕು ಜನ ಸ್ನೇಹಿತರ ಮುಖ ನೋಡಬೇಕೆಂಬ ಆಸೆ ಇರುತ್ತದೆ. ಅಲ್ಲೂ ಮುಕ್ಕಾಲು ಗಂಟೆ ಪಾಠ ಕೇಳಬೇಕೆಂದರೆ ಯಾರು ಬರುತ್ತಾರೆ? ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆಸಿದರೆ ಸಾಕು ಎಂದು 2016ರಲ್ಲೇ ನಿಯಮ ಸಡಿಲವಾಗಿದೆ. ವಾರ ವಾರ ಅತಿಥಿಗಾಗಿ ಅಲೆದು, ಸಿಕ್ಕವರನ್ನು ಕರೆತಂದು, ಅವರಿಗೂ ನಮಗೂ ಬೇಸರ ಮಾಡುವುದಕ್ಕಿಂತ ಸಭೆಗಳನ್ನು ಕಡಿಮೆ ಮಾಡಿ. ಉಳಿದ ದಿನ ಸೇವಾ ಕೆಲಸಕ್ಕೆ ಹೋಗಿ. ಕಟುವಾಗಿ ಹೇಳುತ್ತಿಲ್ಲ. ಆ ಹಿರಿಯರ ಹಾಳೆಗಳ ವಿಷಯ ಓದಿ ನನಗೂ ಬೇಸರವಾಯಿತು. ಅಂಥ ಅವಮಾನ ಇನ್ನೊಬ್ಬರಿಗೆ ಆಗಬಾರದು ಎಂದೇ ಹೇಳುತ್ತಿದ್ದೇನೆ.

ಲಯನ್ಸ್ ಸದಸ್ಯ, ಹಾಸನ

ಇದು ರೋಟರಿಯವರ ಚರ್ಚೆ ಎಂದು ಸುಮ್ಮನಿದ್ದೆ. ಆದರೆ ಭಾಷಣವೇ ಬೇಡ ಎನ್ನುವ ಮಾತು ಬಂದಾಗ ಸುಮ್ಮನಿರಲು ಆಗಲಿಲ್ಲ. ನಮ್ಮ ಸಂಸ್ಥೆ ಇಂದು ಇರುವ ರೀತಿಯಲ್ಲಿರಲು ಒಬ್ಬ ಅತಿಥಿಯ ಭಾಷಣವೇ ಕಾರಣ. ಮೆಲ್ವಿನ್ ಜೋನ್ಸ್ 1917ರಲ್ಲಿ ಲಯನ್ಸ್ ಕಟ್ಟಿದಾಗ ಕಣ್ಣಿನ ಸೇವೆಯೇ ಅದರ ಮುಖ್ಯ ಗುರುತಾಗಿರಲಿಲ್ಲ. 1925ರ ಜೂನ್ 30ರಂದು ಅಮೆರಿಕದ ಓಹಿಯೋದ ಸೀಡರ್ ಪಾಯಿಂಟಿನಲ್ಲಿ ನಡೆದ ಸಮ್ಮೇಳನಕ್ಕೆ ಹೆಲೆನ್ ಕೆಲ್ಲರ್ ಅತಿಥಿಯಾಗಿ ಬಂದರು. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗಲೇ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡಿದ್ದವರು ಆಕೆ. ಅವಕಾಶ ಎಂಬುದು ಪ್ರತಿ ಮನೆಯ ಬಾಗಿಲನ್ನೂ ಒಂದೇ ಸಲ ತಟ್ಟುತ್ತದೆ, ಈಗ ನಾನೇ ನಿಮ್ಮ ಬಾಗಿಲು ತಟ್ಟುತ್ತಿರುವ ಅವಕಾಶ ಎಂದರು. ಕತ್ತಲೆಯ ವಿರುದ್ಧದ ಹೋರಾಟದಲ್ಲಿ ಅಂಧರ ಪರ ನಿಲ್ಲುವ ವೀರರಾಗುವಿರಾ ಎಂದು ಕೇಳಿದರು. ಉದ್ದನೆಯ ಭಾಷಣವೇನಲ್ಲ, ಕೆಲವೇ ನಿಮಿಷ. ಅಂದಿನಿಂದ ಕಣ್ಣಿನ ಸೇವೆ ನಮ್ಮ ಮೊದಲ ಕೆಲಸವಾಯಿತು. ಇವತ್ತಿಗೂ ನಮ್ಮ ತಾಲ್ಲೂಕಿನಲ್ಲಿ ಪೊರೆ ಚಿಕಿತ್ಸೆಗೆ ಜನರನ್ನು ವ್ಯಾನಿನಲ್ಲಿ ಕರೆದೊಯ್ಯುವಾಗ ನಾನು ಆಕೆಯನ್ನು ನೆನೆಯುತ್ತೇನೆ.

ಆಕೆ ಬಂದದ್ದು ತನ್ನ ಸಾಧನೆ ಹೇಳಿಕೊಳ್ಳಲು ಅಲ್ಲ, ಒಂದು ಕೆಲಸ ಕೇಳಲು. ಹೀಗೆ ಕೇಳುವವರನ್ನು ಕರೆಯಿರಿ ಸರ್.

ಹೋಟೆಲ್ ಉದ್ಯಮಿ, ದಾವಣಗೆರೆ

ಒಪ್ಪುತ್ತೇನೆ. ಆದರೆ ಅದು ವಾರ್ಷಿಕ ಸಮ್ಮೇಳನ, ಸಾವಿರಾರು ಜನ ಸೇರಿದ್ದ ಜಾಗ. ಇಪ್ಪತ್ತು ಜನರ ಗುರುವಾರದ ಸಭೆಗೆ ಅಂಥವರು ವರ್ಷಕ್ಕೆ ನಲವತ್ತು ಸಲ ಎಲ್ಲಿಂದ ಸಿಗಬೇಕು?

ಪಶುವೈದ್ಯ, ಅತಿಥಿಯಾಗಿ ಹೋಗಿ ಬಂದವನು

ನಾನು ಯಾವ ಕ್ಲಬ್ಬಿನ ಸದಸ್ಯನೂ ಅಲ್ಲ. ಮೇಜಿನ ಆ ಬದಿಯಿಂದ ಎರಡು ಮಾತು ಹೇಳುತ್ತೇನೆ. ಒಂದು ಊರಿನ ಕ್ಲಬ್ಬಿನವರು ಹುಚ್ಚುನಾಯಿ ರೋಗದ ಬಗ್ಗೆ ಮಾತನಾಡಲು ಕರೆದಿದ್ದರು. ಊರಿನ ಹೆಸರು ಬೇಡ. ಏಳಕ್ಕೆ ಬನ್ನಿ ಎಂದಿದ್ದರು, ಆರೂ ಮುಕ್ಕಾಲಿಗೇ ಹೋದೆ. ಬೀಗ ತೆಗೆದದ್ದು ಏಳೂವರೆಗೆ. ಪ್ರಾರ್ಥನೆ, ಚತುರ್ವಿಧ ಪರೀಕ್ಷೆ ಎಂಬ ರೋಟರಿಯ ನಾಲ್ಕು ಪ್ರಶ್ನೆಗಳ ವಾಚನ, ಸ್ವಾಗತ, ಹುಟ್ಟುಹಬ್ಬದ ಹೂಗುಚ್ಛ, ವಿವಾಹ ವಾರ್ಷಿಕೋತ್ಸವದ ಹೂಗುಚ್ಛ, ಕಾರ್ಯದರ್ಶಿಯವರ ವರದಿ, ವಲಯ ಸೇನಾನಿ ಎಂಬ ಪದಾಧಿಕಾರಿಯ ಮಾತು. ಆಮೇಲೆ ನನ್ನ ಪರಿಚಯ. ನಾನು ಓದಿದ ಶಾಲೆಯಿಂದ ಹಿಡಿದು ವರ್ಗಾವಣೆಯಾದ ಎಲ್ಲ ಊರುಗಳ ಹೆಸರನ್ನೂ ಓದಿದರು. ನನ್ನ ಕೈಗೆ ಮೈಕು ಬಂದಾಗ ಒಂಬತ್ತು ಹೊಡೆಯಲು ಐದು ನಿಮಿಷವಿತ್ತು. ಹಿಂದಿನಿಂದ ತಟ್ಟೆಗಳ ಸದ್ದು. ಚುಟುಕಾಗಿ ಮುಗಿಸಿ ಎಂದು ಚೀಟಿಯೂ ಬಂತು.

ನಾನು ಹೇಳಬೇಕಾಗಿದ್ದದ್ದು ಒಂದೇ ವಿಷಯ. ನಾಯಿ ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಏನನ್ನೂ ಹಚ್ಚಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿಸಬೇಕು, ಮತ್ತು ವೈದ್ಯರು ಬರೆದುಕೊಟ್ಟ ದಿನಗಳಲ್ಲಿ ಒಂದನ್ನೂ ತಪ್ಪಿಸಬಾರದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದಿಲ್ಲ ಎಂದೇ ಹೇಳಬೇಕು. ಹದಿನೈದು ನಿಮಿಷ ಎಂದರೆ ಎಷ್ಟು ದೀರ್ಘ ಎಂದು ತೋರಿಸಲು ಒಂದು ಬಿಂದಿಗೆ, ಒಂದು ಬೋಗುಣಿ, ಸೋಪು ಎಲ್ಲ ತೆಗೆದುಕೊಂಡು ಹೋಗಿದ್ದೆ. ಅವು ಚೀಲದಿಂದ ಹೊರಗೆ ಬರಲೇ ಇಲ್ಲ. ಶಾಲು ಹೊದಿಸಿದರು, ಗಾಜಿನ ಸ್ಮರಣಿಕೆ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು, ಅದರಲ್ಲಿ ಅನುಮಾನವಿಲ್ಲ. ನನಗೆ ಬೇಕಾಗಿದ್ದದ್ದು ಸಮಯ.

ಕಾರ್ಯಕ್ರಮ ನಿರ್ದೇಶಕ, ಸಾಗರ ಸೀಮೆ

ಡಾಕ್ಟರೇ, ಓದಿ ನಾಚಿಕೆಯಾಯಿತು. ನಮ್ಮಲ್ಲೂ ಹೆಚ್ಚು ಕಡಿಮೆ ಹೀಗೆಯೇ ನಡೆಯುತ್ತದೆ. ಬಿಂದಿಗೆ, ಬೋಗುಣಿ ತೆಗೆದುಕೊಂಡು ನಮ್ಮ ಕ್ಲಬ್ಬಿಗೆ ಬನ್ನಿ. ಹೂಗುಚ್ಛಗಳೆಲ್ಲ ನಿಮ್ಮ ಮಾತು ಮುಗಿದ ಮೇಲೆ ಎಂದು ಅಧ್ಯಕ್ಷರನ್ನು ಒಪ್ಪಿಸುವ ಹೊಣೆ ನನ್ನದು.

ನಿವೃತ್ತ ಶಿಕ್ಷಕಿ, ಇನ್ನರ್ ವೀಲ್ ಸದಸ್ಯೆ, ಶಿರಸಿ ಕಡೆ

ದಾವಣಗೆರೆಯ ಅಣ್ಣ ಕೇಳಿದ್ದಾರೆ, ಎಲ್ಲಿಂದ ಸಿಗಬೇಕು ಎಂದು. ನಮ್ಮ ಇನ್ನರ್ ವೀಲ್ ಎಂದರೆ ರೋಟರಿ ಕುಟುಂಬಗಳ ಹೆಂಗಸರಿಂದ ಶುರುವಾದ ಸಂಘ. ನಮ್ಮೆಜಮಾನರ ರೋಟರಿ ಕ್ಲಬ್ಬಿನ ಹೋದ ವರ್ಷದ ಬುಲೆಟಿನ್‌ಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಎಣಿಸಿದೆ. ಅತಿಥಿಗಳಲ್ಲಿ ಹೆಂಗಸರು ಮೂವರು. ಒಬ್ಬರು ಮಹಿಳಾ ದಿನಾಚರಣೆಗೆ, ಇಬ್ಬರು ಅಡುಗೆಯ ಬಗ್ಗೆ ಮಾತನಾಡಲು ಬಂದವರು. ಹೆಂಗಸರನ್ನು ಸೇರಿಸಿಕೊಂಡದ್ದಕ್ಕೆ ರೋಟರಿ ಒಂದು ಕ್ಲಬ್ಬನ್ನೇ ಹೊರಹಾಕಿ, ಅದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1987ರಲ್ಲಿ ತೀರ್ಪು ಬಂದು, 1989ರಲ್ಲಿ ನಿಯಮವೇ ಬದಲಾಯಿತು. ಸದಸ್ಯತ್ವದ ಬಾಗಿಲು ತೆರೆದು ಇಷ್ಟು ವರ್ಷವಾದರೂ ಮೈಕಿನ ಮುಂದೆ ಇನ್ನೂ ಗಂಡಸರೇ ಕಾಣಿಸುತ್ತಾರೆ. ಅಂಗನವಾಡಿ ಕಾರ್ಯಕರ್ತೆಗೆ ಊರಿನ ಯಾವ ಮನೆಯಲ್ಲಿ ಯಾವ ಮಗು ತೂಕ ಕಳೆದುಕೊಳ್ಳುತ್ತಿದೆ ಎಂದು ಗೊತ್ತಿರುತ್ತದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೊಪ್ಪು ತರಲು ಕಾಡಿಗೆ ಹೋಗುವವರ ಕಾಲಿಗೆ ಆ ಕಾಯಿಲೆ ಹರಡುವ ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಳ್ಳಲು ಮನೆ ಮನೆಗೆ ಹೋಗಿ ಹೇಳುವವರು ಆಶಾ ಕಾರ್ಯಕರ್ತೆಯರು. ಅವರನ್ನು ಯಾರು ಕರೆದಿದ್ದಾರೆ?

ಸಾಗರದ ತಮ್ಮಾ, ನಿನ್ನ ಕ್ಲಬ್ಬಿನಲ್ಲಿ ಅರ್ಧಕ್ಕರ್ಧ ಅಡಿಕೆ ತೋಟದವರೇ ಇರಬೇಕು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಿಮ್ಮ ಕೊನೆಗಾರನನ್ನು ಎಂದಾದರೂ ಕುರ್ಚಿಯಲ್ಲಿ ಕೂರಿಸಿ ಮಾತು ಕೇಳಿದ್ದೀರಾ?

ಅಮೆರಿಕದಲ್ಲಿರುವ ಕನ್ನಡಿಗ

ಇಲ್ಲಿ ನಾನು ಹೋಗುವ ಕ್ಲಬ್ಬಿನ ಸಭೆ ಮಧ್ಯಾಹ್ನದ ಊಟದ ಹೊತ್ತಿಗೆ. ಹನ್ನೆರಡಕ್ಕೆ ಊಟ ಶುರು, ಹನ್ನೆರಡೂವರೆಗೆ ಪ್ರಕಟಣೆಗಳು, ಆಮೇಲೆ ಅತಿಥಿಗೆ ಇಪ್ಪತ್ತು ನಿಮಿಷ, ಪ್ರಶ್ನೆಗಳಿಗೆ ಹತ್ತು ನಿಮಿಷ. ಒಂದೂವರೆಗೆ ಗಂಟೆ ಬಾರಿಸಿದರೆ ಮುಗಿಯಿತು. ಅಲ್ಲಿಯೂ ಊಟ ಮೊದಲು, ಮಾತು ಆಮೇಲೆ ಎಂದು ಮಾಡಿ ನೋಡಿ. ಹಸಿದವರು ಗಡಿಯಾರ ನೋಡುವುದು ತಪ್ಪುತ್ತದೆ. ಇಲ್ಲಿ ಅತಿಥಿಗೆ ಫಲಕ ಕೊಡುವುದಿಲ್ಲ. ಅವರ ಹೆಸರಿನಲ್ಲಿ ಒಂದು ಮಕ್ಕಳ ಪುಸ್ತಕ ತಂದು, ಅದರ ಮೊದಲ ಪುಟದಲ್ಲಿ ಅವರಿಂದಲೇ ಸಹಿ ಹಾಕಿಸಿ ಹತ್ತಿರದ ಶಾಲೆಗೆ ಕೊಡುತ್ತೇವೆ. ಬಂದವರಿಗೆ ಅದು ಬಹಳ ಇಷ್ಟವಾಗುತ್ತದೆ.

ಹೊಸ ಸದಸ್ಯ, ತುಮಕೂರು

ಒಂದು ಸಂದೇಹ. ಚುನಾವಣೆಗೆ ನಿಂತವರು, ನಿವೇಶನ ಮಾರುವವರು ನಾವೇ ಬಂದು ಮಾತನಾಡುತ್ತೇವೆ, ಊಟದ ಖರ್ಚೂ ನಮ್ಮದೇ ಎನ್ನುತ್ತಾರೆ. ಏನು ಮಾಡುವುದು?

ಹಿರಿಯ ಸದಸ್ಯ, ಉಡುಪಿ ಜಿಲ್ಲೆ

ಅಭ್ಯರ್ಥಿಗಳ ವಿಷಯದಲ್ಲಿ ಯೋಚನೆಯೇ ಬೇಡ. ಯಾವ ಅಭ್ಯರ್ಥಿಯನ್ನೂ ಬೆಂಬಲಿಸಬಾರದು, ಅವರ ಗುಣದೋಷವನ್ನು ಸಭೆಯಲ್ಲಿ ಚರ್ಚಿಸಬಾರದು ಎಂದು ಕ್ಲಬ್ಬಿನ ಸಂವಿಧಾನದಲ್ಲೇ ಇದೆ. ಮಾರಲು ಬರುವವರಿಗೆ ನಾನು ಒಂದೇ ಷರತ್ತು ಹೇಳುತ್ತಿದ್ದೆ. ಬನ್ನಿ, ಆದರೆ ಕರಪತ್ರ ಹಂಚುವಂತಿಲ್ಲ, ಸದಸ್ಯರ ಫೋನ್ ಸಂಖ್ಯೆ ಕೇಳುವಂತಿಲ್ಲ. ಹತ್ತರಲ್ಲಿ ಒಂಬತ್ತು ಜನ ಮತ್ತೆ ಫೋನ್ ಮಾಡುತ್ತಿರಲಿಲ್ಲ. ಬಂದ ಒಬ್ಬರು ಚೆನ್ನಾಗಿ ಮಾತನಾಡಿದ್ದೂ ಉಂಟು.

ಕಾರ್ಯಕ್ರಮ ನಿರ್ದೇಶಕ, ಸಾಗರ ಸೀಮೆ

ಶಿರಸಿಯ ಅಕ್ಕನ ಪ್ರಶ್ನೆ ಎರಡು ದಿನ ನನ್ನನ್ನು ಬಿಡಲಿಲ್ಲ. ನಮ್ಮ ತೋಟಕ್ಕೆ ಇಪ್ಪತ್ತು ವರ್ಷಗಳಿಂದ ಬರುವ ಕೊನೆಗಾರರ ಮನೆಗೆ ಹೋದೆ. ನಾನು ಅವರ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ವಿಷಯ ಹೇಳಿದಾಗ ನಂಬಲಿಲ್ಲ. "ನಾನು ಏನು ಮಾತನಾಡಲಿ ಅಣ್ಣಾ? ನನಗೆ ಮರ ಹತ್ತುವುದು ಒಂದೇ ಗೊತ್ತು" ಎಂದರು. ನಮಗೆ ಅದೊಂದು ಗೊತ್ತಿಲ್ಲ, ಅದಕ್ಕೇ ಬಂದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಷರತ್ತು ಹಾಕಿದರು. ಗುರುವಾರ ಮಳೆ ಹಿಡಿದರೆ ಬರುತ್ತೇನೆ, ಮಳೆ ಬಿಟ್ಟು ಹೊಳವಾದರೆ ಇಲ್ಲ. ಹೊಳವು ಬಿದ್ದ ದಿನವೇ ಅಡಿಕೆ ಕಾಯಿ ಉದುರಿಸುವ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು, ಸಂಜೆ ಕತ್ತಲಾಗುವವರೆಗೂ ಮರದ ಮೇಲೆಯೇ ಇರುತ್ತೇನೆ, ಮೈಕೈ ಏಳುವುದಿಲ್ಲ ಎಂದರು. ಸರಿ ಎಂದು ಒಪ್ಪಿಕೊಂಡು, ಹೊಳವಾದರೆ ಇರಲಿ ಎಂದು ಪಶುವೈದ್ಯರನ್ನು ಕೇಳಿಕೊಂಡಿದ್ದೇನೆ.

ಕಾರ್ಯಕ್ರಮ ನಿರ್ದೇಶಕ, ಸಾಗರ ಸೀಮೆ

ನಿನ್ನೆ ಗುರುವಾರ. ಬೆಳಗಿನಿಂದಲೇ ಮಳೆ ಹಿಡಿಯಿತು. ಅವರು ಬಂದರು.

ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಒಂದು ಗೋಣಿಚೀಲ. ಊಟ ಮೊದಲು ಮುಗಿಸಿದ್ದೆವು. ಪರಿಚಯವನ್ನು ನಾನೇ ಎರಡು ವಾಕ್ಯದಲ್ಲಿ ಮಾಡಿದೆ. ಮೈಕು ಬೇಡವೆಂದರು. ಗೋಣಿಯಿಂದ ಮರ ಹತ್ತುವಾಗ ಪಾದಕ್ಕೆ ಹಾಕಿಕೊಳ್ಳುವ ತಳೆ, ಕೂರುವ ಮಣೆ, ಹಗ್ಗ, ಕತ್ತಿ ಒಂದೊಂದಾಗಿ ತೆಗೆದು ಬಿಳಿ ಮೇಜುವಸ್ತ್ರದ ಮೇಲೆ ಇಟ್ಟರು. ತಳೆ ಹಾಕಿಕೊಳ್ಳುವ ಪಾದವನ್ನು ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಕಲ್ಲಿನಂತೆ ಗಟ್ಟಿಯಾಗಿತ್ತು. ಮಳೆಗಾಲದಲ್ಲಿ ಮರಕ್ಕೆ ಪಾಚಿ ಹಿಡಿದಿರುತ್ತದೆ, ಪಾದ ಜಾರುವುದು ಹತ್ತುವಾಗ ಅಲ್ಲ, ಒಂದು ಮರದ ತುದಿಯಿಂದ ತೂಗಿ ಇನ್ನೊಂದು ಮರ ಹಿಡಿಯುವ ಆ ಕ್ಷಣದಲ್ಲಿ ಎಂದರು. ಯಾವ ಮರ ತನ್ನ ಭಾರ ತಡೆಯುತ್ತದೆ, ಯಾವುದು ಒಳಗೆ ಪೊಳ್ಳಾಗಿದೆ ಎಂದು ಬುಡದಲ್ಲಿ ಅಂಗೈಯಿಂದ ತಟ್ಟಿ ಸದ್ದು ಕೇಳಿ ತಿಳಿಯುತ್ತಾರಂತೆ. ಮೇಜನ್ನು ತಟ್ಟಿ ಎರಡೂ ಸದ್ದು ಮಾಡಿ ತೋರಿಸಿದರು. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು, ಒಳಗೆ ಯಾರೂ ಮೊಬೈಲ್ ಮುಟ್ಟಲಿಲ್ಲ.

ಆಮೇಲೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮಾತು ಬಂತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕ ನಮಗೆಲ್ಲ ಗೊತ್ತು. ಆದರೆ ಅವರು ಹೇಳಿದ್ದು ಬೇರೆ: "ನೀವು ಕೊಟ್ಟ ಡ್ರಮ್ಮಿನಲ್ಲಿ ಕತ್ತಿ ಅದ್ದಿ ನೋಡುತ್ತೇನೆ. ಒಂದು ನಿಮಿಷ ಬಿಟ್ಟು ತೆಗೆದರೆ ಅಲಗಿಗೆ ಕೆಂಪು ಹಿಡಿದಿರುತ್ತದೆ. ಹಾಗೆ ಹಿಡಿದರೆ ಸುಣ್ಣ ಸಾಲದು ಎಂದು ಅರ್ಥ, ಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣ ಹಾಕಿ ಎಂದರೆ ಕೆಲವರು ಹಾಕುತ್ತಾರೆ. ಕೆಲವರು ನಿನಗೇಕೆ, ನೀನು ಹೊಡೆ ಎನ್ನುತ್ತಾರೆ." ಹಾಗೆ ಎಂದವರಲ್ಲಿ ಇಬ್ಬರು ಸಭೆಯಲ್ಲೇ ಇದ್ದರು. ಅವರಲ್ಲಿ ಒಬ್ಬರು ಎದ್ದು ನಿಂತು, ಅಲಗು ಎಷ್ಟು ಕೆಂಪಾದರೆ ಎಷ್ಟು ಸುಣ್ಣ ಬೇಕು ಎಂದು ಕೇಳಿದರು. ಸ್ವಲ್ಪ ಸ್ವಲ್ಪವೇ ಹಾಕಿ ಮತ್ತೆ ಮತ್ತೆ ಅದ್ದಿ ನೋಡಬೇಕು, ಅಲಗು ಬಿಳುಪಾಗಿಯೇ ಬರಬೇಕು, ಬೇರೆ ಲೆಕ್ಕವಿಲ್ಲ ಎಂದರು.

ಕೊನೆಗೆ ಪ್ರಶ್ನೆ ಕೇಳುವ ಸಮಯದಲ್ಲಿ ಅವರೇ ನಮಗೆ ಒಂದು ಪ್ರಶ್ನೆ ಕೇಳಿದರು. ಅವರ ತಮ್ಮ ಆರು ವರ್ಷದ ಹಿಂದೆ ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಲು ಮರ ಹತ್ತಿ ಬಿದ್ದವರು. ಸೊಂಟದ ಕೆಳಗೆ ಸ್ವಾಧೀನವಿಲ್ಲ. "ಇಪ್ಪತ್ತು ರೂಪಾಯಿಯ ವಿಮೆ ಇದೆ ಎನ್ನುತ್ತಾರೆ. ಯಾರ ಹತ್ತಿರ ಕೇಳಬೇಕು ಅಂತ ನಮಗೆ ಗೊತ್ತಾಗಲಿಲ್ಲ. ನೀವೆಲ್ಲ ಓದಿದವರು ಇದ್ದೀರಿ."

ಪುಸ್ತಕದ ಮೊದಲ ಪುಟದಲ್ಲಿ ಸಹಿ ಹಾಕಿಸಿದೆವು. ಹೆಸರು ಬರೆಯಲು ತುಂಬ ಹೊತ್ತು ತೆಗೆದುಕೊಂಡರು. ಅವರ ಮೊಮ್ಮಗಳು ಓದುವ ಸರ್ಕಾರಿ ಶಾಲೆಗೇ ಆ ಪುಸ್ತಕ ಹೋಗಲಿದೆ.

ನಿವೃತ್ತ ಶಿಕ್ಷಕಿ, ಇನ್ನರ್ ವೀಲ್ ಸದಸ್ಯೆ, ಶಿರಸಿ ಕಡೆ

ತಮ್ಮಾ, ಓದುತ್ತ ಕಣ್ಣು ತುಂಬಿ ಬಂತು. ಆ ವಿಮೆಯ ಕೆಲಸವನ್ನು ಇವತ್ತೇ ಹಿಡಿಯಿರಿ, ಮುಂದಿನ ಸಭೆಯವರೆಗೆ ಕಾಯಬೇಡಿ.

ಲಯನ್ಸ್ ಸದಸ್ಯ, ಹಾಸನ

ಅವರು ಹೇಳುತ್ತಿರುವುದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 18ರಿಂದ 70 ವರ್ಷದವರೆಗಿನವರು ತಮ್ಮ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗಲು ಒಪ್ಪಿಗೆ ಬರೆದುಕೊಡಬೇಕು. ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿ, ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ. ಅವಧಿ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇಲ್ಲದಿದ್ದರೆ ವಿಮೆ ಮುಂದುವರಿಯುವುದಿಲ್ಲ. ಬಡವರ ವಿಮೆ ತಪ್ಪಿಹೋಗುವುದು ಇಲ್ಲಿಯೇ. ಪ್ರತಿ ಮೇ ತಿಂಗಳು ಕ್ಲಬ್ಬಿನಿಂದ ಒಬ್ಬರು ಹೋಗಿ ಅವರ ಪಾಸ್‌ಬುಕ್ ನೋಡಿ ಬರುವ ವ್ಯವಸ್ಥೆ ಮಾಡಿ. ಆಗಿಹೋದ ಅಪಘಾತಕ್ಕೆ ಇದು ಬರುವುದಿಲ್ಲ. ಅವರ ತಮ್ಮನಿಗೆ ಅಂಗವಿಕಲರ ಮಾಸಾಶನ ಸಿಗುತ್ತಿದೆಯೇ ಎಂದು ನಾಡಕಚೇರಿಯಲ್ಲಿ ವಿಚಾರಿಸಿ.

ಹೋಟೆಲ್ ಉದ್ಯಮಿ, ದಾವಣಗೆರೆ

ವಾರ ವಾರ ಬೇಡ, ತಿಂಗಳಿಗೆ ಎರಡು ಸಭೆ ಸಾಕು ಎಂಬ ನನ್ನ ಮಾತು ಹಾಗೆಯೇ ಇದೆ. ಆದರೆ ಇಂಥ ಅತಿಥಿ ಬರುವುದಾದರೆ ಆ ಎರಡರಲ್ಲಿ ಒಂದು ಸಭೆಯನ್ನು ಪೂರ್ತಿ ಅವರಿಗೇ ಬಿಡಬೇಕು. ನಮ್ಮಲ್ಲಿ ರಾತ್ರಿ ಎರಡು ಗಂಟೆಗೆ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವ ಹಮಾಲರ ಮುಖಂಡರೊಬ್ಬರು ನನಗೆ ಪರಿಚಯ. ಅಧ್ಯಕ್ಷರ ಬಳಿ ಮಾತನಾಡುತ್ತೇನೆ.

ಕಾರ್ಯಕ್ರಮ ನಿರ್ದೇಶಕ, ಸಾಗರ ಸೀಮೆ

ಎಲ್ಲರಿಗೂ ವಂದನೆ. ನಮ್ಮ ಸದಸ್ಯರಲ್ಲಿ ಬ್ಯಾಂಕಿನ ನಿವೃತ್ತ ವ್ಯವಸ್ಥಾಪಕರೊಬ್ಬರಿದ್ದಾರೆ. ಸಭೆ ಮುಗಿದ ರಾತ್ರಿಯೇ ಅವರು ಅರ್ಜಿಯ ನಮೂನೆ ತರಿಸುವುದಾಗಿ ಹೇಳಿದರು. ಭಾನುವಾರ ಕೊನೆಗಾರರ ಕೇರಿಗೆ ನಾವು ಐವರು ಹೋಗುತ್ತಿದ್ದೇವೆ, ನಾಡಕಚೇರಿಯ ಕೆಲಸ ಸೋಮವಾರ.

ಮುಂದಿನ ಗುರುವಾರಕ್ಕೆ ನಮ್ಮ ಊರಿನ ಲೈನ್‌ಮ್ಯಾನ್ ಒಬ್ಬರನ್ನು ಕೇಳಿದ್ದೇನೆ. ಮಳೆಗಾಲದಲ್ಲಿ ಕಂಬ ಹತ್ತುವಾಗ ಏನೇನು ನೋಡಿಕೊಳ್ಳುತ್ತಾರೆ, ತಂತಿ ಹರಿದು ಬಿದ್ದರೆ ನಾವು ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಲು ಒಪ್ಪಿದ್ದಾರೆ. ಅವರದೂ ಒಂದು ಷರತ್ತು ಇದೆ. ಗಾಳಿಮಳೆ ಬಂದರೆ ಊರಿನ ಯಾವುದಾದರೂ ಮೂಲೆಯಲ್ಲಿ ತಂತಿ ಬಿದ್ದೇ ಬೀಳುತ್ತದೆ, ಆದ್ದರಿಂದ ಹೊಳವಾದರೆ ಮಾತ್ರ ಬರುತ್ತಾರಂತೆ. ಮಳೆ ಬಂದರೆ ಪಶುವೈದ್ಯರು ತಮ್ಮ ಬಿಂದಿಗೆ, ಬೋಗುಣಿಯೊಂದಿಗೆ ಬರುತ್ತಾರೆ.